ಹಿಂದಿ ಅರ್ಥ ಹಿಡಿದು ಇಂಗ್ಲಿಷ್ ಪದ ಕಲಿಯುವ ಕನ್ನಡಿಗರಿಗೆ

ದಿನಬಳಕೆಯ ಇಂಗ್ಲಿಷ್ ಪದ ಕಲಿಸುವ ವಿಡಿಯೊ, ಆ್ಯಪ್, ಪುಸ್ತಕ ಯಾವುದನ್ನೇ ತೆರೆದರೂ ಪದದ ಪಕ್ಕದಲ್ಲಿ ಹಿಂದಿ ಅರ್ಥ ಇರುವುದೇ ಹೆಚ್ಚು. ಕೇಂದ್ರ ಸರ್ಕಾರದ ನೌಕರಿ ಪರೀಕ್ಷೆಗೆ ಓದುವವರು, ಪುಣೆ, ಮುಂಬೈ ಕಡೆ ಕೆಲಸಕ್ಕಿರುವವರು, ಬೀದರ್, ಕಲಬುರಗಿಯಲ್ಲಿ ಹಿಂದಿ, ಉರ್ದು ಕಿವಿಗೆ ಬಿದ್ದೇ ಬೆಳೆದವರು ಇವುಗಳಿಂದಲೇ ಕಲಿಯುತ್ತಾರೆ. ಕಲಿಯಬಹುದು, ಅಡ್ಡಿಯಿಲ್ಲ. ಆದರೆ ಹಿಂದಿ ಅರ್ಥವನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಒಂದಷ್ಟು ಪದಗಳು ತಪ್ಪಾಗಿಯೇ ತಲೆಯಲ್ಲಿ ಕೂರುತ್ತವೆ. ಹಾಗೆ ಕೂತದ್ದನ್ನು ಆಮೇಲೆ ಕಿತ್ತು ತೆಗೆಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಹಿಂದಿಯಿಂದ ಅರ್ಥ ತಿಳಿದುಕೊಳ್ಳಿ, ಬರೆದಿಟ್ಟುಕೊಳ್ಳುವುದು ಮಾತ್ರ ಮನೆಯಲ್ಲಿ ಆಡುವ ಕನ್ನಡದಲ್ಲೇ ಇರಲಿ. ಅದನ್ನು ಮಾಡುವ ಕ್ರಮ ಇಲ್ಲಿದೆ.

ನೋಡಲು ಒಂದೇ ಪದ, ಅರ್ಥ ಬೇರೆ

ಹಿಂದಿ ಮತ್ತು ಕನ್ನಡ ಎರಡೂ ಸಂಸ್ಕೃತದಿಂದ ಸಾವಿರಾರು ಪದ ತಂದುಕೊಂಡಿವೆ. ತಂದ ಮೇಲೆ ಎರಡೂ ಕಡೆ ಅರ್ಥ ತನ್ನ ಪಾಡಿಗೆ ತಾನು ಬೆಳೆದಿದೆ. ಕನ್ನಡಿಗರು ಎಡವುವುದು ಇಲ್ಲೇ. ಹಿಂದಿಯಲ್ಲಿ ಗೊತ್ತಿಲ್ಲದ ಪದ ಬಂದರೆ ಯಾರನ್ನಾದರೂ ಕೇಳುತ್ತೀರಿ. ಗೊತ್ತಿರುವ ಹಾಗೆ ಕಾಣುವ ಪದ ಬಂದರೆ ಕೇಳುವುದೇ ಇಲ್ಲ.

‘ಆಪರ್ಚುನಿಟಿ’ ಪದದ ಮುಂದೆ ಹಿಂದಿಯವರು ‘ಅವಸರ್’ ಎಂದು ಬರೆಯುತ್ತಾರೆ. ನಮಗೆ ಅವಸರ ಅಂದರೆ ಗಡಿಬಿಡಿ. ‘ಲೀವ್’ ಅಥವಾ ‘ಹಾಲಿಡೇ’ ಮುಂದೆ ‘ಅವಕಾಶ್’ ಎಂದಿರುತ್ತದೆ. ನಮಗೆ ಅವಕಾಶ ಅಂದರೆ ಆಪರ್ಚುನಿಟಿ. ಒಂದೇ ಪಾಠದಲ್ಲಿ ಈ ಎರಡೂ ಬಂದರೆ ಅರ್ಥಗಳು ಅದಲುಬದಲಾಗಿ ಕೂರುತ್ತವೆ. ಇಂಥವು ಇನ್ನೂ ಇವೆ. ಈ ಪಟ್ಟಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ:

- ಎಸ್ಟಿಮೇಟ್: ಹಿಂದಿಯಲ್ಲಿ ‘ಅನುಮಾನ್’. ನಮ್ಮ ಅನುಮಾನ ಸಂಶಯ. ಇಲ್ಲಿ ಬೇಕಾದ ಕನ್ನಡ ಪದ ಅಂದಾಜು.
- ನಾವೆಲ್: ಹಿಂದಿಯಲ್ಲಿ ‘ಉಪನ್ಯಾಸ್’. ನಮ್ಮಲ್ಲಿ ಉಪನ್ಯಾಸ ಕಾಲೇಜಿನಲ್ಲಿ ನಡೆಯುವುದು. ಬೇಕಾದದ್ದು ಕಾದಂಬರಿ.
- ಎಜುಕೇಶನ್: ‘ಶಿಕ್ಷಾ’. ನಮ್ಮ ಶಿಕ್ಷೆ ತಪ್ಪು ಮಾಡಿದವರಿಗೆ. ಬೇಕಾದದ್ದು ಶಿಕ್ಷಣ.
- ಕ್ರಿಟಿಸಿಸಂ: ‘ಆಲೋಚನಾ’. ನಮ್ಮ ಆಲೋಚನೆ ಬರೀ ಯೋಚನೆ. ಬೇಕಾದದ್ದು ಟೀಕೆ.
- ಅಮೆಂಡ್‌ಮೆಂಟ್: ‘ಸಂಶೋಧನ್’. ನಮ್ಮಲ್ಲಿ ಸಂಶೋಧನೆ ಅಂದರೆ ರಿಸರ್ಚ್. ಬೇಕಾದದ್ದು ತಿದ್ದುಪಡಿ.
- ಇಂಡಸ್ಟ್ರಿ: ‘ಉದ್ಯೋಗ್’. ನಮ್ಮ ಉದ್ಯೋಗ ಕೆಲಸ, ನೌಕರಿ. ಬೇಕಾದದ್ದು ಕೈಗಾರಿಕೆ, ಉದ್ಯಮ.
- ಪ್ರೊಫೆಶನ್: ‘ವ್ಯವಸಾಯ್’. ನಮಗೆ ವ್ಯವಸಾಯ ಹೊಲದ ಕೆಲಸ. ಬೇಕಾದದ್ದು ವೃತ್ತಿ.
- ಅಟೆಂಪ್ಟ್: ‘ಪ್ರಯಾಸ್’. ನಮ್ಮ ಪ್ರಯಾಸ ಕಷ್ಟ, ಆಯಾಸ. ಬೇಕಾದದ್ದು ಪ್ರಯತ್ನ.
- ವರ್ಲ್ಡ್: ‘ಸಂಸಾರ್’. ನಮ್ಮ ಸಂಸಾರ ಗಂಡ, ಹೆಂಡತಿ, ಮಕ್ಕಳು. ಬೇಕಾದದ್ದು ಜಗತ್ತು, ಪ್ರಪಂಚ.
- ಎಕ್ಸೆಪ್ಶನ್: ‘ಅಪವಾದ್’. ಬರಹದ ಕನ್ನಡದಲ್ಲಿ ಈ ಅರ್ಥವೂ ಇದೆ. ಆದರೆ ಮಾತಿನಲ್ಲಿ ಅಪವಾದ ಅಂದರೆ ತಲೆಯ ಮೇಲೆ ಬಂದ ಸುಳ್ಳು ಆರೋಪ.

ಪಾರಸಿಯಿಂದ, ಅರಬ್ಬಿಯಿಂದ ಬಂದ ಪದಗಳಲ್ಲಿ ಅಪಾಯ ಕಡಿಮೆ. ಖಾಲಿ, ತಯಾರಿ, ಕಾನೂನು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೂ ‘ರಾಜೀನಾಮಾ’ ಹಿಂದಿಯಲ್ಲಿ ಇಬ್ಬರು ರಾಜಿಯಾಗಿ ಬರೆದ ಪತ್ರ, ನಮ್ಮಲ್ಲಿ ಕೆಲಸ ಬಿಡುವ ಪತ್ರ. ‘ಖುಲಾಸಾ’ ಅವರಿಗೆ ಗುಟ್ಟು ಬಯಲು ಮಾಡುವುದು, ನಮಗೆ ಕೋರ್ಟಿನಲ್ಲಿ ಆರೋಪಿ ಬಿಡುಗಡೆಯಾಗುವುದು.

ಪಟ್ಟಿಯಲ್ಲಿ ಇಲ್ಲದ ಪದವನ್ನು ಪರೀಕ್ಷಿಸುವುದು ಹೀಗೆ: ಹಿಂದಿ ಅರ್ಥ ಕನ್ನಡದ ಪದದಂತೆಯೇ ಕಂಡರೆ ಅದನ್ನು ಕನ್ನಡದ ಅರ್ಥದಲ್ಲೇ ಉದಾಹರಣೆ ವಾಕ್ಯದೊಳಗೆ ಇಟ್ಟು ಓದಿ. ‘ಐ ಫಿನಿಶ್ಡ್ ದ ನಾವೆಲ್ ಇನ್ ಟು ಡೇಸ್’ ಎಂಬ ವಾಕ್ಯಕ್ಕೆ ‘ಎರಡು ದಿನದಲ್ಲಿ ಉಪನ್ಯಾಸ ಮುಗಿಸಿದೆ’ ಅಂದಾಗ ಏನೋ ಸರಿಯಿಲ್ಲ ಅನಿಸುತ್ತದೆ. ಅನಿಸಿದ ಕೂಡಲೇ ಇಂಗ್ಲಿಷ್-ಕನ್ನಡ ನಿಘಂಟು ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇದಕ್ಕೆ ಸಾಕು. ಕನ್ನಡದಿಂದ ಇಂಗ್ಲಿಷಿಗೆ ತಿರುಗಿ ಹೋಗಿ ಖಚಿತ ಮಾಡಿಕೊಳ್ಳಲು ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಇದೆ, 2019ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಉದಾಹರಣೆ ವಾಕ್ಯವೇ ಇಲ್ಲದ ಪದಪಟ್ಟಿಯಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ಅಂಥ ಪಟ್ಟಿಯನ್ನು ಬಿಟ್ಟುಬಿಡಿ.

ಹಿಂದಿ ಎಲ್ಲಿ ನೆರವಾಗುತ್ತದೆ, ಎಲ್ಲಿ ಇಲ್ಲ

ಕನ್ನಡದ ‘ಕೇಳು’ ಮೂರು ಇಂಗ್ಲಿಷ್ ಪದಗಳ ಕೆಲಸ ಮಾಡುತ್ತದೆ: ಆಸ್ಕ್, ಹಿಯರ್, ಲಿಸನ್. ಹಾಡು ಕೇಳಿದೆ, ದಾರಿ ಕೇಳಿದೆ, ಸದ್ದು ಕೇಳಿತು. ಹಿಂದಿ ಇಲ್ಲಿ ‘ಪೂಛ್‌ನಾ’ ಮತ್ತು ‘ಸುನ್‌ನಾ’ ಎಂದು ಬೇರೆ ಮಾಡಿಕೊಡುತ್ತದೆ. ಪೂಛ್‌ನಾ ಇದ್ದರೆ ಆಸ್ಕ್, ಸುನ್‌ನಾ ಇದ್ದರೆ ಹಿಯರ್ ಅಥವಾ ಲಿಸನ್. ಹಾಗೆಯೇ ‘ಪಕ್ಕದ ಮನೆಯವರ ಹತ್ತಿರ ಏಣಿ ತಂದೆ’ ಎನ್ನುವಾಗ ನಮ್ಮ ‘ಹತ್ತಿರ’ ಇಂಗ್ಲಿಷಿನ ನಿಯರ್ ಕಡೆ ಎಳೆಯುತ್ತದೆ. ಹಿಂದಿಯ ‘ಪಡೋಸೀ ಸೇ’ ನೇರ ಫ್ರಮ್‌ಗೆ ಒಯ್ಯುತ್ತದೆ.

ಬೇರೆ ಕಡೆ ಕನ್ನಡವೇ ಇಂಗ್ಲಿಷಿಗೆ ಹತ್ತಿರ. ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ನಮಗೆ ಎರಡೂ ಬೇರೆ, ಇಂಗ್ಲಿಷಿನಲ್ಲೂ ಬೇರೆ. ಹಿಂದಿಯ ‘ವಹ್’ ಹೆಣ್ಣಿಗೂ ಗಂಡಿಗೂ ಒಂದೇ. ನಮ್ಮ ಅವನು, ಅವಳು ಹಿ, ಶಿ ಪದಗಳಿಗೆ ಸರಿಯಾಗಿ ಕೂರುತ್ತವೆ. ಹಿಂದಿಯ ಒಂದು ‘ಸೇ’ ಫ್ರಮ್, ವಿತ್, ಬೈ, ದ್ಯಾನ್ ಎಲ್ಲಕ್ಕೂ ಬರುತ್ತದೆ. ಕನ್ನಡದಲ್ಲಿ ‘ಇಂದ’, ‘ಜೊತೆ’, ‘ಗಿಂತ’ ಬೇರೆಬೇರೆಯೇ ಇವೆ. ‘ಗಿಂತ’ ಬಂದ ಕಡೆ ದ್ಯಾನ್ ಹಾಕಿದರೆ ತಪ್ಪುವುದಿಲ್ಲ. ಇಷ್ಟು ಸುಲಭದ ದಾರಿ ಮನೆಯಲ್ಲೇ ಇರುವಾಗ ಹಿಂದಿಯ ಗಂಡು-ಹೆಣ್ಣು ಕ್ರಿಯಾಪದ, ‘ನೇ’ ಪ್ರತ್ಯಯಗಳ ಗೊಂದಲ ಹೊತ್ತುಕೊಂಡು ಇಂಗ್ಲಿಷ್ ವಾಕ್ಯ ಕಟ್ಟಬೇಕಾಗಿಲ್ಲ.

ಎರಡೂ ಭಾಷೆ ಕೈಕೊಡುವ ಜಾಗಗಳೂ ಇವೆ. ‘ಎರಡು ವರ್ಷದಿಂದ’, ‘ದೋ ಸಾಲ್ ಸೇ’ ಎರಡನ್ನೂ ಹಾಗೇ ತಿರುಗಿಸಿದರೆ ‘ಸಿನ್ಸ್ ಟು ಇಯರ್ಸ್’ ಎಂದು ಬರುತ್ತದೆ. ಅದು ತಪ್ಪು. ಎಷ್ಟು ಕಾಲ ಎಂದು ಹೇಳುವಾಗ ಫಾರ್: ‘ಫಾರ್ ಟು ಇಯರ್ಸ್’. ಯಾವಾಗ ಶುರುವಾಯಿತು ಎಂದು ಹೇಳುವಾಗ ಸಿನ್ಸ್: ‘ಸಿನ್ಸ್ 2022’, ‘ಸಿನ್ಸ್ ಮಂಡೇ’. ‘ನನಗೆ ಇಂಗ್ಲಿಷ್ ಬರುತ್ತೆ’ ಎನ್ನುವಾಗ ಹಿಂದಿಯಲ್ಲೂ ‘ಆತೀ ಹೈ’ ಎಂದೇ ಇರುವುದರಿಂದ ‘ಕಮ್’ ನುಗ್ಗುತ್ತದೆ. ಬೇಕಾದದ್ದು ‘ಐ ನೋ ಇಂಗ್ಲಿಷ್’. ‘ಏನು ಓದ್ತಾ ಇದೀಯ’ ಎಂದು ಕಾಲೇಜಿನ ಹುಡುಗನನ್ನು ಕೇಳುವಾಗ ರೀಡ್ ಅಲ್ಲ, ಸ್ಟಡಿ.

ನಮ್ಮ ‘ಹಾಕು’ ಕ್ರಿಯಾಪದವನ್ನು ಮಾತ್ರ ಪ್ರತ್ಯೇಕವಾಗಿ ಕಲಿಯಿರಿ. ಅಂಗಿ ಹಾಕು, ಬೀಗ ಹಾಕು, ಲೈಟ್ ಹಾಕು, ಅರ್ಜಿ ಹಾಕು, ಊಟಕ್ಕೆ ಹಾಕು, ಗಿಡಕ್ಕೆ ನೀರು ಹಾಕು. ಎಲ್ಲದಕ್ಕೂ ‘ಪುಟ್’ ಅಂದರೆ ಕೇಳುವವರಿಗೆ ತಿಳಿಯುವುದಿಲ್ಲ. ಕ್ರಮವಾಗಿ: ವೇರ್, ಲಾಕ್, ಟರ್ನ್ ಆನ್, ಅಪ್ಲೈ ಫಾರ್, ಸರ್ವ್, ವಾಟರ್. ಕೊನೆಯದರಲ್ಲಿ ‘ವಾಟರ್’ ತಾನೇ ಕ್ರಿಯಾಪದ: ‘ಐ ವಾಟರ್ಡ್ ದ ಪ್ಲಾಂಟ್ಸ್’.

ಒಂದು ಪದವನ್ನು ಬರೆದಿಡುವ ಬಗೆ

ಇನ್ನೂರು ಪುಟದ ಗೆರೆ ನೋಟ್‌ಬುಕ್ ಸಾಕು. ಒಂದು ಪದಕ್ಕೆ ಐದು ಸಾಲು ಬಿಡಿ. ಮೊದಲ ಸಾಲಿನಲ್ಲಿ ಪದ ಇಂಗ್ಲಿಷ್ ಅಕ್ಷರದಲ್ಲಿ. ಎರಡನೆಯದರಲ್ಲಿ ಉಚ್ಚಾರ ಕನ್ನಡ ಅಕ್ಷರದಲ್ಲಿ, ಒತ್ತಿ ಹೇಳುವ ಭಾಗಕ್ಕೆ ಅಡಿಗೆರೆ. ಮೂರನೆಯದರಲ್ಲಿ ಕನ್ನಡ ಅರ್ಥ. ನಾಲ್ಕನೆಯದರಲ್ಲಿ ಆ ಪದದ ಬೆನ್ನಿಗೇ ಬರುವ ಸಣ್ಣ ಪದ. ಐದನೆಯದರಲ್ಲಿ ನಿಮ್ಮದೇ ವಾಕ್ಯ. ಹಿಂದಿಗೆ ಸಾಲಿಲ್ಲ. ಅದರ ಕೆಲಸ ಅರ್ಥ ತಿಳಿಸುವುದಷ್ಟೇ, ತಿಳಿದ ಮೇಲೆ ಅದು ನೋಟ್‌ಬುಕ್ಕಿನಲ್ಲಿದ್ದರೆ ಮಾತಾಡುವ ಹೊತ್ತಿಗೆ ಕನ್ನಡದಿಂದ ಹಿಂದಿಗೆ, ಹಿಂದಿಯಿಂದ ಇಂಗ್ಲಿಷಿಗೆ ಎರಡು ಸಲ ತಿರುಗಬೇಕಾಗುತ್ತದೆ. ಮಾತು ತಡವರಿಸುವುದು ಅಲ್ಲೇ.

‘ಅಪ್ಲೈ’ ಪದವನ್ನು ತೆಗೆದುಕೊಳ್ಳಿ. ವಿಡಿಯೊದಲ್ಲಿ ಅರ್ಥ ‘ಆವೇದನ್ ಕರ್‌ನಾ’ ಎಂದಿರುತ್ತದೆ. ನಿಮ್ಮ ಮೂರನೇ ಸಾಲಿನಲ್ಲಿ ‘ಅರ್ಜಿ ಹಾಕು’ ಎಂದು ಬರೆಯಿರಿ, ‘ಮನವಿ ಸಲ್ಲಿಸು’ ಎಂದಲ್ಲ. ನಾಲ್ಕನೇ ಸಾಲಿನಲ್ಲಿ ‘ಫಾರ್’. ಕನ್ನಡದಲ್ಲಿ ‘ರೇಷನ್ ಕಾರ್ಡಿಗೆ ಅರ್ಜಿ ಹಾಕಿದೆ’ ಎನ್ನುವಾಗ ಆ ‘ಗೆ’ ಇದೆಯಲ್ಲ, ಇಂಗ್ಲಿಷಿನಲ್ಲಿ ಅದೇ ಫಾರ್. ಐದನೇ ಸಾಲು: ‘ಐ ಅಪ್ಲೈಡ್ ಫಾರ್ ಎ ರೇಷನ್ ಕಾರ್ಡ್ ಲಾಸ್ಟ್ ಮಂತ್.’ ‘ಗೆ’ ಯನ್ನು ಫಾರ್ ಜೊತೆ ಕಟ್ಟಿಟ್ಟರೆ ‘ಅಪ್ಲೈಡ್ ರೇಷನ್ ಕಾರ್ಡ್’ ಎಂಬ ತಪ್ಪು ಬಾಯಿಗೆ ಬರುವುದೇ ಇಲ್ಲ. ಇದೇ ಪದಕ್ಕೆ ಮುಲಾಮು ಹಚ್ಚುವ ಅರ್ಥವೂ ಇದೆ. ಅದನ್ನು ಇಲ್ಲೇ ತುರುಕಬೇಡಿ. ಎರಡು ವಾರ ಬಿಟ್ಟು ಬೇರೆ ಐದು ಸಾಲಿನಲ್ಲಿ ಬರೆಯಿರಿ.

ನಾಲ್ಕನೇ ಸಾಲು ಖಾಲಿ ಇರಬೇಕಾದ ಪದಗಳೂ ಇವೆ, ಅಲ್ಲಿ ‘ಏನೂ ಬರಬಾರದು’ ಎಂದೇ ಬರೆಯಿರಿ. ಕನ್ನಡದಲ್ಲಿ ‘ಬಗ್ಗೆ ಚರ್ಚೆ’, ಹಿಂದಿಯಲ್ಲಿ ‘ಕೇ ಬಾರೇ ಮೇಂ ಚರ್ಚಾ’ ಇರುವುದರಿಂದ ‘ಡಿಸ್ಕಸ್ ಅಬೌಟ್’ ಅನ್ನುತ್ತೇವೆ. ಸರಿಯಾದದ್ದು ‘ಲೆಟ್ ಅಸ್ ಡಿಸ್ಕಸ್ ದ ರೆಂಟ್.’ ಇನ್ನು ಕೆಲವಕ್ಕೆ ಬೇರೆಯದೇ ಸಣ್ಣ ಪದ: ‘ಅವಳ ಜೊತೆ ಮದುವೆ’ ಎಂದು ‘ಮ್ಯಾರಿಡ್ ವಿತ್’ ಬರುತ್ತದೆ. ಸರಿ ‘ಮ್ಯಾರಿಡ್ ಟು’. ‘ರಿಟರ್ನ್’ ಅಂದರೇ ವಾಪಸ್. ಅದರ ಹಿಂದೆ ‘ಬ್ಯಾಕ್’ ಬೇಡ. ಇನ್ನು ಅಡ್ವೈಸ್, ಇನ್‌ಫರ್ಮೇಶನ್, ಲಗೇಜ್, ಫರ್ನಿಚರ್ ಈ ನಾಲ್ಕರ ಪಕ್ಕ ‘ಎಸ್ ಇಲ್ಲ’ ಎಂದು ಬರೆದಿಡಿ. ಸಲಹೆಗಳು, ಮಾಹಿತಿಗಳು ಎನ್ನುವ ರೂಢಿಯಿಂದ ನಮಗೆ ಎಸ್ ಸೇರಿಸುವ ಆಸೆ ಬಿಡುವುದಿಲ್ಲ.

ಮೂರನೇ ಸಾಲಿನ ಅರ್ಥಕ್ಕೆ ಇನ್ನೊಂದು ಮಾತು. ನಿಘಂಟುಗಳು ಬರಹದ ಕನ್ನಡ ಕೊಡುತ್ತವೆ. ‘ಅವೈಲೇಬಲ್’ ಮುಂದೆ ‘ಲಭ್ಯ’ ಎಂದಿರುತ್ತದೆ. ಬಟ್ಟೆ ಅಂಗಡಿಯಲ್ಲಿ ನಿಂತು ಯಾರೂ ‘ಇದು ಲಭ್ಯವೇ’ ಎಂದು ಯೋಚಿಸುವುದಿಲ್ಲ, ‘ಇದು ಸಿಗುತ್ತಾ’ ಎಂದೇ ಯೋಚಿಸುವುದು. ಅರ್ಥದ ಸಾಲಿನಲ್ಲಿ ‘ಸಿಗುತ್ತೆ’ ಎಂದಿದ್ದರೆ ಆ ಕ್ಷಣಕ್ಕೆ ‘ಈಸ್ ದಿಸ್ ಅವೈಲೇಬಲ್ ಇನ್ ಎ ಸ್ಮಾಲರ್ ಸೈಜ್?’ ನೆನಪಾಗುತ್ತದೆ. ‘ಲಭ್ಯ’ ಎಂದಿದ್ದರೆ ಆಗುವುದಿಲ್ಲ.

ಉಚ್ಚಾರವನ್ನು ದೇವನಾಗರಿಯಿಂದ ಎತ್ತಬೇಡಿ

ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ಬಹಳ ಮುಖ್ಯ. ಹಿಂದಿ ಬರವಣಿಗೆಯಲ್ಲಿ ಹ್ರಸ್ವ ‘ಎ’, ಹ್ರಸ್ವ ‘ಒ’ ಗೆ ರೂಢಿಯ ಅಕ್ಷರವಿಲ್ಲ. ಅಲ್ಲಿ ಟೆಸ್ಟ್ ಮತ್ತು ಟೇಸ್ಟ್, ಸೆಲ್ ಮತ್ತು ಸೇಲ್, ಪೆಪರ್ ಮತ್ತು ಪೇಪರ್, ಲೆಟರ್ ಮತ್ತು ಲೇಟರ್ ಬರೆಯುವಾಗ ಒಂದೇ ರೂಪ. ಕನ್ನಡದಲ್ಲಿ ಎ-ಏ, ಒ-ಓ ಬೇರೆ ಇವೆ. ಹೀಗಾಗಿ ಹಿಂದಿ ಪುಸ್ತಕದ ಉಚ್ಚಾರವನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ಇಳಿಸಿದರೆ ನಮ್ಮ ಲಿಪಿಯಲ್ಲಿ ಇರುವ ಅನುಕೂಲವನ್ನು ನಾವೇ ಕಳೆದುಕೊಳ್ಳುತ್ತೇವೆ. ಫೋನಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ, ಎರಡು ಸಲ ಕೇಳಿ, ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆಯಿರಿ.

ನಮ್ಮದೇ ತೊಂದರೆಗಳು ಬೇರೆ. ‘ಎಲ್ಲ’ ಎನ್ನುವಾಗ ಬಾಯಿ ‘ಯೆಲ್ಲ’ ಅನ್ನುತ್ತದೆ, ‘ಒಂದು’ ಎನ್ನುವಾಗ ‘ವೊಂದು’. ಅದೇ ರೂಢಿಯಲ್ಲಿ ಎಗ್ ಯೆಗ್ ಆಗುತ್ತದೆ, ಓನ್ಲಿ ವೋನ್ಲಿ ಆಗುತ್ತದೆ. ಎ, ಒ ಸ್ವರದಿಂದ ಶುರುವಾಗುವ ಪದದ ಶುರುವಿನಲ್ಲೇ ಒಂದು ಚುಕ್ಕಿ ಇಟ್ಟುಕೊಳ್ಳಿ, ಅಲ್ಲಿ ಯ, ವ ಸೇರಿಸಬಾರದು ಎಂಬ ಗುರುತಿಗೆ. ಕೊನೆಯಲ್ಲಿ ಉಕಾರ ಸೇರುವುದು ಇನ್ನೊಂದು: ಕಾರು, ಬಸ್ಸು ಕನ್ನಡ ವಾಕ್ಯದಲ್ಲಿ ಸರಿ, ಇಂಗ್ಲಿಷ್ ವಾಕ್ಯದಲ್ಲಿ ಕಾರ್, ಬಸ್ ಎಂದು ನಿಲ್ಲಿಸಬೇಕು.

ವಾಕ್ಯವನ್ನು ತಿರುಗಿಸುವುದು

ಪುಸ್ತಕದ ಉದಾಹರಣೆ ವಾಕ್ಯವನ್ನು ಬಾಯಿಪಾಠ ಮಾಡಿದರೆ ಆ ವಾಕ್ಯ ಬರುತ್ತದೆ, ಪದ ಬರುವುದಿಲ್ಲ. ಪ್ರತಿ ಪದಕ್ಕೂ ನಾಲ್ಕು ತಿರುವು ಕೊಡಿ. ‘ಬಾರೋ’ ಪದಕ್ಕೆ ಹಿಂದಿ ‘ಉಧಾರ್ ಲೇನಾ’, ಕನ್ನಡದಲ್ಲಿ ‘ಕಡ ತಗೊ’.

‘ಐ ಬಾರೋಡ್ ಎ ಲ್ಯಾಡರ್ ಫ್ರಮ್ ಅವರ್ ನೇಬರ್.’ ಪಕ್ಕದ ಮನೆಯವರ ಹತ್ತಿರ ಏಣಿ ಕಡ ತಂದೆ.
‘ಡಿಡ್ ಯು ಬಾರೋ ದ ಲ್ಯಾಡರ್?’ ಏಣಿ ಕಡ ತಂದೆಯಾ?
‘ಶಿ ಡಿಡಂಟ್ ಬಾರೋ ಎನಿಥಿಂಗ್.’ ಅವಳು ಏನೂ ಕಡ ತಗೊಳ್ಳಲಿಲ್ಲ.
‘ಕ್ಯಾನ್ ಐ ಬಾರೋ ಯುವರ್ ಲ್ಯಾಡರ್ ಫಾರ್ ಆ್ಯನ್ ಅವರ್?’ ಒಂದು ತಾಸು ನಿಮ್ಮ ಏಣಿ ಕೊಡ್ತೀರಾ?

ಎರಡನೆಯ, ಮೂರನೆಯ ವಾಕ್ಯದಲ್ಲಿ ‘ಬಾರೋಡ್’ ಹೋಗಿ ‘ಬಾರೋ’ ಆಗಿದೆ. ಹಿಂದಿನ ಕಾಲವನ್ನು ‘ಡಿಡ್’ ಹೊತ್ತುಕೊಂಡಿದೆ, ಇನ್ನೊಂದು ಸಲ ಬೇಡ. ನಾಲ್ಕನೆಯದರಲ್ಲಿ ಕನ್ನಡ ‘ಕೊಡ್ತೀರಾ’ ಅಂದರೂ ಇಂಗ್ಲಿಷಿನಲ್ಲಿ ತಗೊಳ್ಳುವವರ ಕಡೆಯಿಂದ ಮಾತು. ಈ ತಿರುವು ಅರ್ಥವಾದರೆ ಬಾರೋ ಪೂರ್ತಿ ನಿಮ್ಮದಾಯಿತು. ಅದರ ಜೋಡಿ ‘ಲೆಂಡ್’, ಕಡ ಕೊಡು, ಅದೇ ದಿನ ಕಲಿಯಬೇಡಿ. ಜೋಡಿ ಪದಗಳನ್ನು ಒಟ್ಟಿಗೆ ಕಲಿತರೆ ಯಾವುದು ಯಾವುದೆಂದು ತಿಂಗಳುಗಟ್ಟಲೆ ಕಲಸಿಕೊಳ್ಳುತ್ತದೆ. ಒಂದು ಗಟ್ಟಿಯಾದ ಮೇಲೆ, ಕನಿಷ್ಠ ಎರಡು ವಾರ ಬಿಟ್ಟು, ಇನ್ನೊಂದು.

ದಿನಕ್ಕೆ ಎಷ್ಟು, ಯಾವಾಗ ತಿರುಗಿ ನೋಡುವುದು

ಏಳು ಪದ. ವಾರಕ್ಕೆ ಆರು ದಿನ, ಭಾನುವಾರ ಹೊಸದಿಲ್ಲ. ವಾರಕ್ಕೆ 42 ಆಯಿತು, 48 ವಾರಕ್ಕೆ ಎರಡು ಸಾವಿರ ದಾಟುತ್ತದೆ. ಮೈಕಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಹೆಚ್ಚು ಬಳಕೆಯ ಇಂಗ್ಲಿಷ್ ಪದಗಳ ಪಟ್ಟಿಯಲ್ಲಿರುವುದು ಸುಮಾರು 2000 ಪದಗಳೇ. ದಿನದ ಮಾತಿನ ಬಹುಪಾಲು ಅಷ್ಟರಲ್ಲೇ ನಡೆಯುತ್ತದೆ. ಅಕಾರಾದಿಯಾಗಿ ಶುರು ಮಾಡಬೇಡಿ. ಬ್ಯಾಂಕು, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ಅಡುಗೆಮನೆ, ನಿಮ್ಮ ಕೆಲಸದ ಜಾಗ, ಹೀಗೆ ನೀವು ಕಾಲಿಡುವ ಒಂದೊಂದು ಜಾಗದಿಂದ ಒಂದೆರಡು ಪದ ಆರಿಸಿ. ಈಗಾಗಲೇ ಬಾಯಲ್ಲಿರುವ ಇಂಗ್ಲಿಷ್ ಪದಗಳನ್ನೂ ಒಮ್ಮೆ ತಿರುವಿ ನೋಡಿ, ಕೆಲವಕ್ಕೆ ನಾವು ಬೇರೆ ಅರ್ಥ ಕೊಟ್ಟಿದ್ದೇವೆ: ಹಳ್ಳಿಯ ಕಡೆ ‘ಬ್ಯಾಟರಿ’ ಅಂದರೆ ಟಾರ್ಚ್, ‘ಹೋಟೆಲ್’ ಅಂದರೆ ಊಟದ ರೆಸ್ಟೊರೆಂಟ್, ಅಲ್ಲಿನ ‘ಸಪ್ಲಾಯರ್’ ಅಂದರೆ ವೇಟರ್.

ಒಂದು ಸಲ ಓದಿದ್ದು ನಿಲ್ಲುವುದಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ್ದು ಇದನ್ನೇ: ಮರೆವು ಮೊದಲ ಗಂಟೆಗಳಲ್ಲೇ ಹೆಚ್ಚು. ಆದ್ದರಿಂದ ಕಲಿತ ಪದವನ್ನು ಮರುದಿನ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ಮೂವತ್ತನೇ ದಿನ ತಿರುಗಿ ನೋಡಬೇಕು. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಡಬ್ಬಿಯ ಕ್ರಮ ಇದಕ್ಕೆ ಸುಲಭ. ಚಪ್ಪಲಿ ಡಬ್ಬಿಯಲ್ಲಿ ರಟ್ಟು ಕತ್ತರಿಸಿ ಐದು ಖಾನೆ ಮಾಡಿ. ಅಂಗೈಯಗಲದ ಗಟ್ಟಿ ಕಾಗದದ ಚೀಟಿ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಮೊದಲ ಖಾನೆ ದಿನಾ, ಎರಡನೆಯದು ಮೂರು ದಿನಕ್ಕೆ, ಮೂರನೆಯದು ವಾರಕ್ಕೆ, ನಾಲ್ಕನೆಯದು ಹದಿನೈದು ದಿನಕ್ಕೆ, ಐದನೆಯದು ತಿಂಗಳಿಗೆ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ.

ಕನ್ನಡದ ಬದಿ ಮೇಲಿರಲಿ. ಅದನ್ನು ನೋಡಿ ಇಂಗ್ಲಿಷ್ ಪದವನ್ನು ಬಾಯಿಬಿಟ್ಟು ಹೇಳಿ, ವಾಕ್ಯವನ್ನೂ ಹೇಳಿ, ಆಮೇಲೆ ತಿರುವಿ. ಇಂಗ್ಲಿಷ್ ನೋಡಿ ಅರ್ಥ ಹೇಳುವುದು ಸುಲಭ, ಅದರಿಂದ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ. ಪದ ನೆನಪಿದೆ ಆದರೆ ಬಾಯಿಗೆ ಬರಲ್ಲ ಎನ್ನುವವರ ಚೀಟಿಗಳನ್ನು ನೋಡಿದರೆ ಸಾಮಾನ್ಯವಾಗಿ ಇಂಗ್ಲಿಷ್ ಬದಿಯೇ ಮೇಲಿರುತ್ತದೆ.

ದಿನಕ್ಕೆ ಏಳು ಪದದ ಲೆಕ್ಕದಲ್ಲಿ ತಿರುಗಿ ನೋಡುವ ಚೀಟಿ ಸರಾಸರಿ 30 ಬರುತ್ತವೆ, ಒಂದಕ್ಕೆ 15 ಸೆಕೆಂಡ್ ಹಿಡಿದರೆ ಎಂಟು ನಿಮಿಷ. ದಿನಕ್ಕೆ 20 ಪದ ಎಂದು ಹುಮ್ಮಸ್ಸಿನಲ್ಲಿ ಶುರು ಮಾಡಿದರೆ ಒಂದು ತಿಂಗಳಲ್ಲಿ ದಿನಾ 85ಕ್ಕೂ ಮಿಕ್ಕಿ ಚೀಟಿ ಎದುರಿಗೆ ಕೂರುತ್ತವೆ, ತಪ್ಪಿದ್ದು ಹಿಂದೆ ಬರುವುದರಿಂದ ಇನ್ನೂ ಹೆಚ್ಚು. ಮೂರನೇ, ನಾಲ್ಕನೇ ವಾರದಲ್ಲಿ ಡಬ್ಬಿ ಅಟ್ಟ ಸೇರುವುದು ಈ ಲೆಕ್ಕ ತಪ್ಪಿದ್ದರಿಂದ.

ಒಂದೇ ಚೀಟಿ ನಾಲ್ಕು ಸಲ ಮೊದಲ ಖಾನೆಗೆ ವಾಪಸ್ ಬಂದರೆ ನಿಮ್ಮ ಜ್ಞಾಪಕಶಕ್ತಿಯನ್ನು ಬೈದುಕೊಳ್ಳಬೇಡಿ, ಚೀಟಿಯನ್ನು ನೋಡಿ. ಒಂದೇ ಬದಿಯಲ್ಲಿ ಎರಡು ಅರ್ಥ ಬರೆದಿರುತ್ತೀರಿ, ಇಲ್ಲವೇ ಅರ್ಥ ಬರಹದ ಕನ್ನಡದಲ್ಲಿರುತ್ತದೆ, ಇಲ್ಲವೇ ಅದರ ಜೋಡಿ ಪದ ಅದೇ ವಾರ ಸೇರಿಕೊಂಡಿರುತ್ತದೆ, ಇಲ್ಲವೇ ವಾಕ್ಯ ಪುಸ್ತಕದಿಂದ ಎತ್ತಿದ್ದಾಗಿರುತ್ತದೆ. ಆ ಚೀಟಿ ಹರಿದು ಹೊಸದು ಬರೆಯಿರಿ, ವಾಕ್ಯದಲ್ಲಿ ನಿಮ್ಮ ಮನೆಯವರ ಹೆಸರು, ನಿಮ್ಮ ಊರಿನ ಅಂಗಡಿ ಬರಲಿ.

ಭಾನುವಾರ ನಾಲ್ಕು, ಐದನೇ ಖಾನೆಗಳಿಂದ ಕಣ್ಣುಮುಚ್ಚಿ ಹತ್ತು ಚೀಟಿ ಎತ್ತಿ. ಎಂಟಕ್ಕೆ ಪದ, ವಾಕ್ಯ ಎರಡೂ ಬಂದರೆ ಮುಂದಿನ ವಾರವೂ ಏಳು. ಎಂಟಕ್ಕಿಂತ ಕಡಿಮೆಯಾದರೆ ಒಂದು ವಾರ ದಿನಕ್ಕೆ ಮೂರೇ ಹೊಸ ಪದ, ಉಳಿದ ಸಮಯವೆಲ್ಲ ಮೊದಲ ಖಾನೆಗೆ.